ಬಹಿಷ್ಕಾರದ ದೂರು: ಮೊದಲು ಜೋಳ, ಆಮೇಲೆ ಠಾಣೆ

ದಲಿತ ಕೇರಿಗೆ ಬಹಿಷ್ಕಾರ ಹಾಕುವವರು ಕಾಗದದ ಮೇಲೆ ಏನೂ ಬರೆಯುವುದಿಲ್ಲ. ಗುಡಿ ಕಟ್ಟೆಯಲ್ಲಿ ನಾಲ್ಕು ಜನ ಕೂತು ತೀರ್ಮಾನಿಸುತ್ತಾರೆ. ಕೇರಿಯವರಿಗೆ ಸಾಮಾನು ಕೊಟ್ಟವರಿಗೂ ದಂಡ ಎಂಬ ಮಾತು ಊರೆಲ್ಲ ಹಬ್ಬುತ್ತದೆ. (ಡಂಗುರ ಹೊಡೆಸಿದರೆ ನಮಗೆ ಅನುಕೂಲವೇ, ಸಾಕ್ಷಿ ಸಿಗುತ್ತದೆ.) ಮರುದಿನದಿಂದ ಕಿರಾಣಿ, ಗಿರಣಿ, ಕಟಿಂಗ್ ಶಾಪ್ ಬಂದ್. ಕೂಲಿಗೆ ಕರೆಯುವುದಿಲ್ಲ, ಕೈಗಡ ಮಾತ್ರ ಈಗಲೇ ತೀರಿಸಬೇಕು.

ಕೇರಿಯವರ ಜೊತೆ ಠಾಣೆಗೆ ಹೊರಡುವ ಮುಂಚೆ ನಾವು ನೋಡುವುದು ಅವರ ಮನೆಯ ಕಾಳಿನ ಚೀಲ. ಐದು ಜನರ ಕೂಲಿ ಕುಟುಂಬಕ್ಕೆ ತಿಂಗಳಿಗೆ 50–60 ಕೆಜಿ ಧಾನ್ಯ ಬೇಕು. ಊರಿನ ನ್ಯಾಯಬೆಲೆ ಅಂಗಡಿಯವನು ಸತಾಯಿಸಿದರೆ ಪಕ್ಕದೂರಿನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಪಡಿತರ ತರಬಹುದು. ಹೊರಗೆಲ್ಲಾದರೂ ಕೂಲಿಯನ್ನೂ ಗೊತ್ತು ಮಾಡಬೇಕು. ಸರ್ಕಾರಿ ಪರಿಹಾರ 1 ಲಕ್ಷ ರೂಪಾಯಿ ಇದೆ, ನಿಜ. ಆದರೆ ಅದು ಬರುವುದು ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ, ಅದಕ್ಕೇ 60 ದಿನದ ಗಡುವು. ಅಷ್ಟು ದಿನ ಒಲೆ ಉರಿಯದಿದ್ದರೆ ದೂರು ರಾಜಿಯಲ್ಲಿ ಮುಗಿಯುತ್ತದೆ. ಕಾನೂನು ಗೊತ್ತಿಲ್ಲದೆ ಬಿದ್ದುಹೋದ ಪ್ರಕರಣಗಳಿಗಿಂತ ಹೊಟ್ಟೆಗಿಲ್ಲದೆ ಬಿದ್ದುಹೋದವೇ ಹೆಚ್ಚು.

‘ನಮಗೆ ಬಹಿಷ್ಕಾರ ಹಾಕಿದ್ದಾರೆ’ ಎಂದು ಒಂದು ಸಾಲು ಬರೆದ ದೂರು ನಿಲ್ಲುವುದಿಲ್ಲ. ಮೊದಲು ಎಂದಿನಂತೆ ನಡೆಯುತ್ತಿದ್ದ ವ್ಯವಹಾರ ಈಗ ನಿಂತಿದೆ ಎಂದು ತೋರಿಸಬೇಕು. ಅದಕ್ಕೆ ಉದ್ರಿ ಪುಸ್ತಕದಂಥ ಸಾಕ್ಷಿ ಇನ್ನೊಂದಿಲ್ಲ: ಎಣ್ಣೆ, ಬೆಲ್ಲ, ಸೋಪು ಅಂತ ದಿನಾ ಬರೆದ ಲೆಕ್ಕ ಒಂದು ತಾರೀಖಿಗೆ ಥಟ್ಟನೆ ನಿಂತಿರುತ್ತದೆ. ಡೇರಿಯ ಹಾಲಿನ ಪುಸ್ತಕವೂ ಹಾಗೇ. ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಕೇಳಿದರು, ಏನು ಉತ್ತರ ಬಂತು ಎಂದು ಅದೇ ಮಾತಿನಲ್ಲಿ ಬರೆದಿಡಿ. ‘ನಿಮಗೆ ಕೊಟ್ರೆ ನನಗೆ ದಂಡ ಹಾಕ್ತಾರೆ’ ಎಂದ ಅಂಗಡಿಯವನನ್ನು ಆರೋಪಿ ಮಾಡಬೇಡಿ, ಸಾಕ್ಷಿ ಮಾಡಿ. ಕ್ಷೌರದವರು, ಸಣ್ಣ ಅಂಗಡಿಯವರು ಬಹುಪಾಲು ಅದೇ ಜಮೀನುದಾರರ ಹಂಗಿನಲ್ಲಿರುವವರು. ಅವರ ಹೆಸರೇ ದೂರು ತುಂಬಿದರೆ ಅಪ್ಪಣೆ ಕೊಟ್ಟವನು ಸಲೀಸಾಗಿ ಪಾರಾಗುತ್ತಾನೆ.

ಠಾಣೆಯಲ್ಲಿ ಬೈಗುಳ, ಬೆದರಿಕೆಯ ಕಲಂಗಳನ್ನಷ್ಟೇ ಹಾಕಿ ಕಳಿಸುವುದುಂಟು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್‌ಸಿ) ಕಲಂ ಬೇಕೆಂದು ದೂರಿನಲ್ಲೇ ಬರೆಯಿರಿ. 2016ರ ಜನವರಿ 26ರಿಂದ ಜಾರಿಯಲ್ಲಿರುವ ಈ ಕಲಂ ಪ್ರಕಾರ ಬಹಿಷ್ಕಾರದ ಬೆದರಿಕೆಯೂ ಅಪರಾಧ, ಶಿಕ್ಷೆ 6 ತಿಂಗಳಿಂದ 5 ವರ್ಷ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಓದಿ ಹೇಳದೆ ಸಹಿ ಪಡೆಯುವಂತಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರದ್ದು. ಎಫ್‌ಐಆರ್ ಹಾಕದೆ ಬರೀ ಹಿಂಬರಹದ ಚೀಟಿ ಕೊಟ್ಟು ಸಾಗಹಾಕಿದರೆ ದೂರನ್ನು ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ.

ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ಅಧಿಕಾರಿಗಳು ನಡೆಸುವ ಶಾಂತಿ ಸಭೆ. ಹೋಗಿ, ಆದರೆ ಮೇಲೆ ಜಾಗ ಖಾಲಿ ಬಿಟ್ಟ ಹಾಜರಿ ಹಾಳೆಗೆ ಸಹಿ ಹಾಕಬೇಡಿ. ಆ ಜಾಗದಲ್ಲಿ ರಾಜಿ ಪತ್ರ ಹುಟ್ಟಿಕೊಳ್ಳುತ್ತದೆ.

ಕೊನೆಗೆ ಎಲ್ಲ ನಿಲ್ಲುವುದು ಸಾಕ್ಷಿಗಳ ಮೇಲೆ. 2000ದಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಖುಲಾಸೆಯಾದರು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ ಸಾಕ್ಷಿಗಳನ್ನು ಕಾಪಾಡುವುದು ಸುಮ್ಮನೆ ಆಗುವ ಕೆಲಸವಲ್ಲ. ಕಾಯ್ದೆಯ 15ಎ ಕಲಂನಲ್ಲಿ ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣ ವೆಚ್ಚ, ನಿರ್ವಹಣಾ ವೆಚ್ಚ, ಬೇಕಾದರೆ ಸ್ಥಳಾಂತರ ಕೂಡ ಇದೆ. ವಿಚಾರಣೆ ಶುರುವಾಗಲಿ ಎಂದು ಕಾಯದೆ ಎಫ್‌ಐಆರ್ ಪ್ರತಿಯ ಜೊತೆಗೇ ಅದರ ಅರ್ಜಿಯನ್ನೂ ಸಿದ್ಧ ಮಾಡಿ.