‘ಬಿರೀವ್ಡ್’ ಪದಕ್ಕೆ ಕನ್ನಡ ಹುಡುಕಿದ್ದು

ಇಂಗ್ಲಿಷಿನ ನಿಯಮ, ನೋಟಿಸುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಒಮ್ಮೆ ಒಂದು ಗಾರ್ಮೆಂಟ್ಸ್‌ನ ರಜೆ ನಿಯಮ ಬಂತು. ಸಿಕ್ ಲೀವ್, ಹೆರಿಗೆ ರಜೆ ಎಲ್ಲ ಸಲೀಸಾಗಿ ಮುಗಿದವು. ‘ಬಿರೀವ್‌ಮೆಂಟ್ ಲೀವ್’, ಅಂದರೆ ಮನೆಯಲ್ಲಿ ಸಾವಾದಾಗ ಕೊಡುವ ರಜೆ, ಅದರ ಹತ್ತಿರ ಕೈ ನಿಂತಿತು.

ಮೊದಲು ‘ವಿಯೋಗ ರಜೆ’ ಅಂತ ಬರೆದೆ. ಓದಿ ನನಗೇ ನಗು ಬಂತು. ಪ್ರೇಮಿಗಳು ದೂರವಾದರೆ ಕೊಡುವ ರಜೆಯ ಹಾಗಿತ್ತು! ‘ಸೂತಕದ ರಜೆ’ ಅಂದರೆ ಬೇಗ ತಿಳಿಯುತ್ತೆ ನಿಜ. ಆದರೆ ಮಗು ಹುಟ್ಟಿದರೂ ಸೂತಕ ಅನ್ನುವವರಿದ್ದಾರೆ. ಬಸವಣ್ಣನವರ ದಾರಿ ಹಿಡಿದವರು ಸೂತಕವನ್ನೇ ಒಪ್ಪುವುದಿಲ್ಲ. ಮುಸ್ಲಿಮರಿಗೆ, ಕ್ರೈಸ್ತರಿಗೆ ಆ ಮಾತು ಹೊಂದುವುದೇ ಇಲ್ಲ. ಕೊನೆಗೆ ‘ಮನೆಯವರು ತೀರಿಕೊಂಡಾಗ ಸಿಗುವ ರಜೆ’ ಅಂತ ಹಾಕಿದೆ. ಉದ್ದ ಆಯಿತು, ಅಲ್ವಾ? ಆದರೆ ಹೊಲಿಗೆ ಮೆಷಿನ್ ಮುಂದೆ ಕೂತವರು ಕೇಳುವುದೂ ಹಾಗೇ: “ಮನೇಲಿ ಸಾವಾಗಿದೆ ಸಾರ್, ರಜೆ ಬೇಕು.”

ಆಮೇಲೆ ಕುತೂಹಲಕ್ಕೆ ನಿಘಂಟು ತೆಗೆದೆ. ಇದರ ಮೂಲ ಪದ ‘ಬಿರೀವ್’. ಅದರ ಹಳೆಯ ಅರ್ಥ ದೋಚುವುದು, ಕಿತ್ತುಕೊಳ್ಳುವುದು. ‘ರಾಬ್’ ಕೂಡ ಇದೇ ಬಳಗದ್ದು. ಅಂದರೆ ‘ಬಿರೀವ್ಡ್ ಫ್ಯಾಮಿಲಿ’ ಎಂದರೆ ಸಾವು ಕೊಳ್ಳೆ ಹೊಡೆದ ಮನೆ. ನಮ್ಮ ಪತ್ರಿಕೆಗಳ ನಿಧನ ವಾರ್ತೆ ನೋಡಿ: ‘ಮೃತರು ಪತ್ನಿ, ಇಬ್ಬರು ಮಕ್ಕಳನ್ನು ಅಗಲಿದ್ದಾರೆ.’ ಇಲ್ಲಿ ಯಾರೂ ಕಿತ್ತುಕೊಂಡಿಲ್ಲ, ಹೋದವರೇ ಬಿಟ್ಟು ಹೋಗಿದ್ದಾರೆ. ಹಾಗಾಗಿ ಸುದ್ದಿಯಲ್ಲಿ ನಾನು ಸುಮ್ನೆ ‘ಮೃತರ ಕುಟುಂಬ’ ಅಂತಲೇ ಬರೆಯುತ್ತೇನೆ.

ಇದರ ಒಡಹುಟ್ಟು ‘ಬಿರೆಫ್ಟ್’ ಇನ್ನೂ ಜಾಸ್ತಿ ಕಾಡುತ್ತದೆ. ‘ಬಿರೀವ್ಡ್’ ಸಾವಿಗೆ ಮಾತ್ರ. ‘ಬಿರೆಫ್ಟ್ ಆಫ್’ ಆಸೆಗೂ ಬರುತ್ತೆ, ಬುದ್ಧಿಗೂ ಬರುತ್ತೆ. ಇದಕ್ಕೆ ಬರೀ ‘ಇಲ್ಲದ’ ಎಂದು ಬರೆದರೆ ಸಪ್ಪೆ. ಇದ್ದದ್ದು ಹೋಯಿತು ಅನ್ನುವ ಸಂಕಟ ಬೇಕು. ಅದಕ್ಕೆ ನಮ್ಮ ‘ಕೆಟ್ಟ’ ಚೆನ್ನಾಗಿ ಒದಗುತ್ತದೆ: ಮತಿಗೆಟ್ಟ, ದಿಕ್ಕೆಟ್ಟ, ನಾಚಿಕೆಗೆಟ್ಟ. ಎಲ್ಲ ಕಡೆ ನಡೆಯುವುದಿಲ್ಲ ಅನ್ನಿ. ಆಸೆ ಕೆಡುವುದಿಲ್ಲ, ಬತ್ತುತ್ತದೆ.

‘ಆಫ್’ ಇಲ್ಲದೆ ಒಂಟಿಯಾಗಿ ಬಂದರೆ ಮಾತ್ರ ಕಷ್ಟ. ಒಂದು ಕಥೆಯಲ್ಲಿ ಅಮ್ಮ ಸತ್ತ ಮೇಲೆ ಅರವತ್ತರ ಮಗ ‘ಬಿರೆಫ್ಟ್’ ಆಗಿದ್ದ. ‘ಕಂಗಾಲಾದ’ ಅಂತ ಬರೆದು ಹೊಡೆದು ಹಾಕಿದೆ. ‘ಬರಿದಾದ’ ಕೂಡ ಹಿಡಿಸಲಿಲ್ಲ. ‘ತಬ್ಬಲಿಯಾದ’ ಅಂತ ಹಾಕಿದೆ.

“ಅರವತ್ತು ವರ್ಷದವನು ಹೇಗ್ರೀ ತಬ್ಬಲಿ?” ಅಂತ ಕರಡು ತಿದ್ದುವವರು ಕೇಳಿದರು.

ಅದನ್ನು ಹಾಗೇ ಬಿಡಿ ಅಂದೆ.