ಮಗಳ ವಿದ್ಯಾರ್ಥಿವೇತನಕ್ಕೆ ಮನೆಮಂದಿಯೆಲ್ಲ ಕೂತ ಭಾನುವಾರ

ಫೋನಿನಲ್ಲಿ ‘ಅರ್ಜಿ ಮಂಜೂರಾಗಿದೆ’ ಅಂತ ತೋರಿಸುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ರೂಪಾಯಿ ಬಂದಿರಲಿಲ್ಲ. 2022ರ ಯುಗಾದಿ ಹೊತ್ತಿಗೆ ನಮ್ಮ ಪರಿಸ್ಥಿತಿ ಇದು.

ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ಸೇರಿದ್ದು 2021ರಲ್ಲಿ. ನಾವು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವರು. ನಾಲೆ ಬಯಲಿನಲ್ಲಿ ಕಬ್ಬು, ಕೊಟ್ಟಿಗೆಯಲ್ಲಿ ಎರಡು ಹಸು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ನಲ್ಲಿ ಅವಳಿಗೆ ಸೀಟು ಸಿಗಲಿಲ್ಲ, ಬಾಡಿಗೆ ಕೊಟ್ಟು ಉಳಿಯುವ ಪಿ.ಜಿ.ಗೆ ಸೇರಿಸಿದೆವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಅಂತ ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಒಟ್ಟು 15,000. ಹಾಲಿನ ಬಟವಾಡೆಯಲ್ಲಿ ಪಿ.ಜಿ. ಬಾಡಿಗೆ ಕಟ್ಟುವ ಮನೆಗೆ ಅದು ದೊಡ್ಡ ದುಡ್ಡು. ಕಬ್ಬಿನ ದುಡ್ಡು ಯಾವತ್ತು ಕೈಗೆ ಬರುತ್ತೆ ಅನ್ನೋದು ನಮ್ಮ ಕಡೆಯವರಿಗೆ ಗೊತ್ತೇ ಇದೆ ಅಲ್ವಾ.

ನಾನು ಪಿಯುಸಿವರೆಗೆ ಓದಿದವಳು. ಹಾಗಾಗಿ ಅರ್ಜಿ ಕೆಲಸ ನನ್ನ ಪಾಲಿಗೆ ಬಂತು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ, ಎಲ್ಲರೂ ಎಸ್‌ಎಸ್‌ಪಿ ಅನ್ನುತ್ತಾರೆ, ಅದರಲ್ಲಿ ಹಾಕಬೇಕು. ಮೊದಲ ದಿನವೇ ತಡೆ. ಮಗಳ ಆಧಾರ್‌ಗೆ ಕೊಟ್ಟಿದ್ದು ನಮ್ಮ ಯಜಮಾನರ ಹಳೇ ಸಿಮ್ಮಿನ ನಂಬರ್. ಆ ಸಿಮ್ಮು ಕಳೆದು ಎಷ್ಟೋ ವರ್ಷ ಆಗಿತ್ತು. ಒಟಿಪಿ ಎಲ್ಲಿಂದ ಬರಬೇಕು? ಆಗ ನಂಬರ್ ಬದಲಾಯಿಸಲು ಆಧಾರ್ ಕೇಂದ್ರಕ್ಕೆ ಅವಳೇ ಹೋಗಿ ಬೆರಳು ಕೊಡಬೇಕಿತ್ತು. ಶನಿವಾರದ ರೈಲಿಗೆ ಅವಳನ್ನು ಬರಹೇಳಿ ಮಂಡ್ಯದಲ್ಲಿ ಮಾಡಿಸಿದೆವು.

ಆಮೇಲೆ ಹೆಸರಿನ ತೊಂದರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಇನಿಷಿಯಲ್ ಹೆಸರಿನ ಮುಂದಿದೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಇಂಗ್ಲಿಷಿನಲ್ಲಿ ಒಂದು ಅಕ್ಷರವೂ ಬೇರೆ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದ ಜಾತಿ-ಆದಾಯ ಪತ್ರಕ್ಕೆ ಐದು ವರ್ಷದ ಅವಧಿ ಮುಗಿದಿತ್ತು. ನಾನು ಗಡಿಬಿಡಿಯಲ್ಲಿ ಮೊದಲು ನಾಡಕಚೇರಿಗೆ ಹೋಗಿ ಹೊಸ ಪತ್ರ ಮಾಡಿಸಿದೆ, ಆಮೇಲೆ ಆಧಾರ್ ತಿದ್ದಿಸಿದೆ. ಪತ್ರದಲ್ಲಿ ಹಳೇ ಹೆಸರೇ ಕೂತಿತು. ಪೋರ್ಟಲ್‌ನಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಹೆಸರು ತಾಳೆಯಾಗಲಿಲ್ಲ. ಮತ್ತೆ ಮೊದಲಿಂದ ಅರ್ಜಿ, ಮತ್ತೆ ಕಾಯುವುದು. ಕೊನೆಯ ದಿನಾಂಕ ಮುಂದೆ ಹಾಕಿದ್ದರಿಂದ ಉಳಿದೆವು.

ಈಗ ಯಾರಾದರೂ ಕೇಳಿದರೆ ಒಂದೇ ಕ್ರಮ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ಅದನ್ನು ತಿದ್ದಿಸುವುದು ಬಹಳ ಕಷ್ಟ, ಅದಕ್ಕೇ ಬೇರೆ ಎಲ್ಲವೂ ಅದರಂತೆ ಆಗಬೇಕು. ಮೊದಲು ಆಧಾರ್, ಆಮೇಲೆ ಜಾತಿ-ಆದಾಯ ಪತ್ರ, ಆಮೇಲೆ ಬ್ಯಾಂಕು, ಕೊನೆಗೆ ಅರ್ಜಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಕೇಂದ್ರಕ್ಕೆ ಹೋಗುವಾಗ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಟೈಪ್ ಮಾಡಿದ ಮೇಲೆ ಪರದೆ ನೋಡಿಯೇ ಒಪ್ಪಿಗೆ ಕೊಡಿ.

ಇಷ್ಟೆಲ್ಲ ಆಗಿ ಅರ್ಜಿ ಮಂಜೂರಾಯಿತು. ದುಡ್ಡು ಮಾತ್ರ ಬರಲಿಲ್ಲ. ಬ್ಯಾಂಕಿಗೆ ಮೂರು ಸಲ ಹೋದೆ. ‘ಆಧಾರ್ ಲಿಂಕ್ ಆಗಿದೆ, ಹೋಗಿಮ್ಮಾ’ ಅಂತ ಮೂರು ಸಲವೂ ಕಳಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ನಾನು ಕೇಳಬೇಕಾದ್ದನ್ನು ಕೇಳುತ್ತಿರಲಿಲ್ಲ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಮೇಡಂ ಒಂದು ದಿನ ಫೋನಿನಲ್ಲಿ ಹೇಳಿದರು: ‘ಅಮ್ಮಾ, ಲಿಂಕ್ ಆಗಿದೆಯಾ ಅಂತ ಕೇಳಬೇಡಿ. ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಅಂತ ಕೇಳಿ.’ ಇಡೀ ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅದು.

ವಿಷಯ ಏನೆಂದರೆ, ಸರ್ಕಾರ ಈ ದುಡ್ಡು ಕಳಿಸುವುದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅಂತ ಅದರ ಪಟ್ಟಿಯಲ್ಲಿ ಇರುತ್ತದೆ, ಅದೇ ಮ್ಯಾಪಿಂಗ್. ಆಧಾರ್ ಎಷ್ಟು ಖಾತೆಗೆ ಬೇಕಾದರೂ ಲಿಂಕ್ ಆಗಿರಬಹುದು, ಆದರೆ ಆ ಪಟ್ಟಿಯಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಂಕು. ಆಧಾರ್ ವೆಬ್‌ಸೈಟಿನಲ್ಲಿ ನಂಬರ್ ಮತ್ತು ಒಟಿಪಿ ಹಾಕಿ ನೋಡಿದೆವು. ಅಲ್ಲಿ ಬಂದ ಹೆಸರು ಬೇರೆಯೇ ಬ್ಯಾಂಕಿನದು! ಹೈಸ್ಕೂಲಿನಲ್ಲಿದ್ದಾಗ ಶಾಲೆಯಲ್ಲೇ ತೆರೆಸಿದ್ದ ಜೀರೋ ಬ್ಯಾಲೆನ್ಸ್ ಖಾತೆ. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಅದು ನಿಂತುಹೋಗಿತ್ತು. ದುಡ್ಡು ಅಲ್ಲಿಗೆ ಹೋಗಿ ವಾಪಸ್ಸಾಗಿತ್ತು. ಸರ್ಕಾರದ ದುಡ್ಡು ಏನಾಯಿತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಹುಡುಕಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು.

ನಮ್ಮೂರ ಪೋಸ್ಟ್‌ಮ್ಯಾನ್ ಅಣ್ಣ ಅವಳಿಗೆ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದುಕೊಟ್ಟರು. ಮನೆ ಬಾಗಿಲಲ್ಲೇ, ಬೆರಳಚ್ಚಿನಲ್ಲಿ. ಮ್ಯಾಪಿಂಗನ್ನು ಆ ಬ್ಯಾಂಕಿಗೆ ಬದಲಾಯಿಸುವ ಆಧಾರ್ ಸೀಡಿಂಗ್ ಅರ್ಜಿಗೂ ಅಲ್ಲೇ ಸಹಿ ಹಾಕಿದಳು. ಕೆಲವು ವಾರದಲ್ಲಿ ನಿಂತಿದ್ದ ದುಡ್ಡು ಬಂತು. ಆ ತಿಂಗಳು ಪಿ.ಜಿ.ಗೆ ಸಾಲ ಮಾಡಲಿಲ್ಲ.

ಇನ್ನು ರೈತ ವಿದ್ಯಾನಿಧಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಂಥ ಮನೆಗಳು ಜಾಸ್ತಿ ಇವೆ. 2021ರಲ್ಲಿ ಶುರುವಾದ ಯೋಜನೆ. ಆಗ ಬಿ.ಎಸ್ಸಿ. ಓದುವ ರೈತರ ಮಗಳಿಗೆ ವರ್ಷಕ್ಕೆ 5,500 ರೂಪಾಯಿ, ಮಗನಿಗೆ 5,000 ಕೊಡುತ್ತಿದ್ದರು. ಅದಕ್ಕೆ ಅಪ್ಪ ಅಥವಾ ಅಮ್ಮನ ಎಫ್‌ಐಡಿ ಬೇಕಿತ್ತು, ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಪಹಣಿ ಕೇಳಿದರು. ಪಹಣಿ ಇನ್ನೂ ನಮ್ಮ ಮಾವನವರ ಹೆಸರಿನಲ್ಲೇ ಇತ್ತು. ಅವರು ತೀರಿಕೊಂಡು ಎಂಟು ವರ್ಷ. ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಜಮೀನು ಬರುವ ಪೌತಿ ಖಾತೆ ಆಗಿರಲಿಲ್ಲ. ಉಳುವವರು ನಾವು, ಕಾಗದದಲ್ಲಿ ನಾವು ರೈತರೇ ಅಲ್ಲ.

ಪೌತಿ ಆಗದೇ ಇದ್ದದ್ದಕ್ಕೆ ಕಾರಣ ಮನೆಯೊಳಗೇ ಇತ್ತು. ನಮ್ಮ ಯಜಮಾನರಿಗೂ ಮೈದುನನಿಗೂ ಬದುವಿನ ತೆಂಗಿನ ಮರಗಳ ಮೇಲೆ ಜಗಳ ಆಗಿ, ನಾಲ್ಕು ವರ್ಷದಿಂದ ಮಾತು ನಿಂತಿತ್ತು. ಪೌತಿಗೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಆಧಾರ್ ಬೇಕು. ನಮ್ಮತ್ತೆ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಪಾಂಡವಪುರದಲ್ಲಿರುವ ನಾದಿನಿ. ಒಬ್ಬರು ತಕರಾರು ಮಾಡಿದರೂ ಫೈಲು ನಿಲ್ಲುತ್ತದೆ. ಯಜಮಾನರು ‘5,500ಕ್ಕೆ ಅವನ ಮನೆ ಬಾಗಿಲಿಗೆ ಹೋಗಲ್ಲ’ ಅಂದುಬಿಟ್ಟರು.

ಹೋದವಳು ಮಗಳು. ‘ಚಿಕ್ಕಪ್ಪ, ಇದು ಭಾಗ ಮಾಡಿಕೊಳ್ಳೋ ಕಾಗದ ಅಲ್ಲ. ತಾತನ ಹೆಸರಿಂದ ನಿಮ್ಮೆಲ್ಲರ ಹೆಸರಿಗೆ ಜಂಟಿಯಾಗಿ ಬರುತ್ತೆ ಅಷ್ಟೇ. ನಿಮ್ಮ ಮಗ ಐಟಿಐ ಓದ್ತಿದ್ದಾನಲ್ಲ, ಅವನಿಗೂ 2,500 ಬರುತ್ತೆ’ ಅಂದಳಂತೆ. ಮೈದುನ ಸುಮ್ನೆ ಕೇಳಿಸಿಕೊಂಡು, ‘ಕೂತ್ಕೊಳವ್ವ, ಏನೇನು ಕಾಗದ ಬೇಕು ಹೇಳು’ ಅಂದರಂತೆ. ಸಹಿ ಹಾಕಿದರೆ ಹಕ್ಕು ಹೋಗುತ್ತೆ ಅನ್ನೋ ಭಯ ಎಷ್ಟೋ ಮನೆಗಳಲ್ಲಿ ಇದೆ. ಜಂಟಿ ಖಾತೆ ಅಂದರೆ ವಿಭಾಗ ಅಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಿದ್ದಕ್ಕೇ ನಮ್ಮ ಕೆಲಸ ಆಯಿತು.

ಮುಂದಿನ ಭಾನುವಾರ ಮೈದುನ, ಓರಗಿತ್ತಿ, ನಾದಿನಿ ಎಲ್ಲರೂ ನಮ್ಮ ನಡುಮನೆಗೆ ಬಂದರು. ಅತ್ತೆ ಟ್ರಂಕು ತೆಗೆದರು. ಚಾಪೆ ಮೇಲೆ ಎಲ್ಲ ಕಾಗದ ಹರಡಿದೆವು. ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಯಾರ ಹೆಸರು ಯಾವ ಕಾಗದದಲ್ಲಿ ಹೇಗಿದೆ ಅಂತ ಬರೆಯುತ್ತಾ ಹೋದಳು. ಮಾವನವರ ಹೆಸರಿನ ಕೊನೆಗೆ ಪಹಣಿಯಲ್ಲಿ ‘ಗೌಡ’ ಇದೆ, ಮರಣ ಪತ್ರದಲ್ಲಿ ಇಲ್ಲ. ಅತ್ತೆಯ ಆಧಾರ್‌ನಲ್ಲಿ ಅವರ ವಯಸ್ಸು ದೊಡ್ಡ ಮಗನಿಗಿಂತ ಹದಿಮೂರೇ ವರ್ಷ ಹೆಚ್ಚು. ನಾವು ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮಾಡಿದೆ. ಅಣ್ಣ ತಮ್ಮ ಎದುರುಬದುರು ಕೂತು ಉಂಡರು. ಮರದ ಮಾತು ಯಾರೂ ಎತ್ತಲಿಲ್ಲ.

ಆದರೂ ಫೈಲು ಒಂದು ಸಲ ವಾಪಸ್ ಬಂತು, ಅದೇ ‘ಗೌಡ’ದ ಕಾರಣಕ್ಕೆ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ಕೊಟ್ಟೆವು. ಪಹಣಿಯಲ್ಲಿ ಹೆಸರು ಬರುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಎಫ್‌ಐಡಿ ಸಿಕ್ಕಿತು, ಎರಡನೇ ವರ್ಷದ ಅರ್ಜಿಗೆ ಹಾಕಿದೆವು.

5,500 ಬಂದ ಮೆಸೇಜ್ ನೋಡಿ ಮಗಳು ಮೊದಲು ಫೋನ್ ಮಾಡಿದ್ದು ಚಿಕ್ಕಪ್ಪನಿಗೆ. ಅವರ ಮಗನ ದುಡ್ಡು ಇನ್ನೂ ಬಂದಿರಲಿಲ್ಲ. ಅವನ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಅಂತ ನೋಡೋಕೆ ಆ ಭಾನುವಾರವೇ ಅವನನ್ನು ನಮ್ಮನೆಗೆ ಕರೆಸಿದೆವು.