ಮಂಜೊಟ್ಟಿಯ ಗುಂಪು ಬಿಟ್ಟೆ, ಸ್ಪ್ಯಾಮಿನ ಲೆಕ್ಕ ಹಿಡಿದೆ

ಕಂಬಳದ ಫೋಟೋದಲ್ಲಿ ಹೆಸರು ಬರಬಹುದು, ದುಡ್ಡು ಬರೋದಿಲ್ಲ. ನಮ್ಮ ಕರಾವಳಿಯ ಫೋಟೋಗ್ರಾಫರ್‌ಗಳಲ್ಲಿ ಹತ್ತು ಜನರನ್ನು ಕೇಳಿ, ಹತ್ತೂ ಜನ ಇದನ್ನೇ ಹೇಳುತ್ತಾರೆ. ಮದುವೆ ಆರ್ಡರ್ ಬಿಟ್ಟು ರಾತ್ರಿಯಿಡೀ ಕೆಸರು ತಿನ್ನೋದಕ್ಕೆ ಹೋಗ್ತೀಯಲ್ಲ ಮಾರಾಯ ಅಂತ ನನಗೂ ಹೇಳಿದ್ದರು. ಕಳೆದ ಸೀಸನ್ನಿನಲ್ಲಿ ಪೆಟ್ರೋಲು, ಪ್ರಿಂಟು, ಫ್ರೇಮು ಎಲ್ಲ ಕಳೆದು ನನ್ನ ಕೈಯಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು ಉಳಿಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಶಟರ್ ಸ್ಪೀಡು, ಐಎಸ್ಒ ಅಂತೆಲ್ಲ ಇಲ್ಲಿ ಹೇಳೋದಿಲ್ಲ. ರಾತ್ರಿ ಎಲ್ಇಡಿ ಲೈಟಿನ ಕೆಳಗೆ ಆಂಟಿ ಫ್ಲಿಕರ್ (ಲೈಟಿನ ಮಿನುಗು ತಡೆಯುವ ಸೆಟ್ಟಿಂಗು) ಹಾಕದೆ ಹೊಡೆದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಮೊದಲು ಮಂಜೊಟ್ಟಿಯ ಕಥೆ. ಓಟ ಮುಗಿಯುವ ಆ ತುದಿಯಲ್ಲಿ ನಿಲ್ಲೋದಕ್ಕೆ ಜಾಗ ಸಿಗಬೇಕಾದರೆ ಬೆಳಿಗ್ಗೆಯೇ ಹೋಗಿ ಕೂರಬೇಕು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಅಂತ ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿದರು. ದೇಶವೆಲ್ಲ ಸುದ್ದಿ. ಕೋಣ ಎಳೆಯುವ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆಯೇ ಇಲ್ಲ ಅನ್ನೋದು ಬೇರೆ ಮಾತು. ಆದರೆ ಅದಾದ ಮೇಲೆ ಮಂಜೊಟ್ಟಿಯಲ್ಲಿ ಕ್ಯಾಮೆರಾ ಎಷ್ಟಾದವು ಅಂದರೆ, ನನ್ನ ಫ್ರೇಮಿನಲ್ಲಿ ಕೋಣಕ್ಕಿಂತ ಎದುರಿನವರ ಲೆನ್ಸ್ ಹುಡ್ ಜಾಸ್ತಿ ಬರುತ್ತಿತ್ತು.

ನಾನೂ ಒಂದಷ್ಟು ವರ್ಷ ಆ ಗುಂಪಿನಲ್ಲೇ ಇದ್ದೆ. ಎದುರಿನಿಂದ ನೀರು ಸಿಡಿಯುವ ಒಳ್ಳೆ ಫ್ರೇಮುಗಳೇ ಸಿಕ್ಕಿವೆ. ಅವನ್ನು ಆನ್‌ಲೈನಿನಲ್ಲಿ ಫೋಟೋ ಮಾರುವ ಸ್ಟಾಕ್ ಸೈಟಿಗೆ ಹಾಕಿದೆ. ಒಂದು ಮಾರಾಟಕ್ಕೆ ಇಪ್ಪತ್ತು ರೂಪಾಯಿಯೂ ಬಂದದ್ದುಂಟು, ಒಮ್ಮೊಮ್ಮೆ ಇನ್ನೂರು. ಪತ್ರಿಕೆಗಳಿಂದ ಮುನ್ನೂರು ನಾನೂರು ಬರುತ್ತಿತ್ತು, ಅದೂ ಮೂರು ತಿಂಗಳ ಮೇಲೆ. ಇಡೀ ಸೀಸನ್ನಿನ ಗಳಿಕೆ ಸೆಕೆಂಡ್ ಹ್ಯಾಂಡ್ 70-200 ಲೆನ್ಸಿನ ಎರಡು ಕಂತಿಗೆ ಸಾಲಲಿಲ್ಲ.

ಹಾಗಾದರೆ ಯಾಕೆ ಎಲ್ಲರೂ ಅಲ್ಲೇ ನಿಲ್ಲುತ್ತೇವೆ? ಕ್ಯಾಮೆರಾ ಈಗಾಗಲೇ ಕೊಂಡಾಗಿದೆ. ಪಾಸು ಬಿಟ್ಟಿ. ಇನ್ನೊಂದು ಸಾವಿರ ಫ್ರೇಮು ಹೊಡೆದರೆ ಖರ್ಚು ಸೊನ್ನೆ. ಹೊಡೆದರೆ ಹೊಡೆಯಿತು ಲಾಟರಿ. ಒಲಿಂಪಿಕ್ಸ್‌ನ 100 ಮೀಟರ್ ಫೈನಲ್ಲಿನಲ್ಲಿ ಗೆರೆಯಾಚೆ ನೂರಾರು ಲೆನ್ಸು ಒಂದೇ ದಿಕ್ಕಿಗೆ ನೋಡೋದೂ ಇದೇ ಲೆಕ್ಕಕ್ಕೆ. ಅಲ್ಲಿ ಇನ್ನೊಂದು ಕಾರಣವೂ ಇದೆ. ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ, ಈ ಫೋಟೋ ಏಜೆನ್ಸಿಗಳೆಲ್ಲಕ್ಕೂ ಅವರವರ ಗಿರಾಕಿಗಳು. ಪಕ್ಕದವನಿಗೆ ಸಿಕ್ಕ ಚಿತ್ರ ತನಗೆ ಸಿಗಲಿಲ್ಲ ಅಂದರೆ ಗಿರಾಕಿ ಕೇಳುತ್ತಾನೆ. ಹಾಗಾಗಿ ನಾಲ್ವರೂ ಬರಲೇಬೇಕು.

ಯಾವ ಜಾಗಕ್ಕೆ ಅದೃಷ್ಟ ಅಂತ ಮೊದಲೇ ಹೇಳೋದಕ್ಕೂ ಆಗೋದಿಲ್ಲ. 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್‌ನಲ್ಲಿ ಮುಹಮ್ಮದ್ ಅಲಿ ಬಾಕ್ಸಿಂಗ್ ಪಂದ್ಯದ ಮೊದಲ ಸುತ್ತಿನಲ್ಲೇ ಸನ್ನಿ ಲಿಸ್ಟನ್‌ನನ್ನು ಕೆಡವಿದ ಚಿತ್ರ ನೆನಪಿದೆಯಾ? ಕೈ ಮಡಚಿ, ಬಿದ್ದವನ ಮೇಲೆ ಕಿರುಚುತ್ತಿರುವ ಅಲಿ. ತೆಗೆದವನು ನೀಲ್ ಲೈಫರ್, ಆಗ 22ರ ಹುಡುಗ. ಆ ಚಿತ್ರದಲ್ಲಿ ಅಲಿಯ ಎರಡು ಕಾಲಿನ ನಡುವೆ, ರಿಂಗಿನ ಆಚೆ ಬದಿಯಲ್ಲಿ ಒಬ್ಬ ಫೋಟೋಗ್ರಾಫರ್ ಕಾಣುತ್ತಾನೆ. ಹರ್ಬ್ ಶಾರ್ಫ್‌ಮನ್. ಇಬ್ಬರೂ ಒಂದೇ ಪತ್ರಿಕೆಗೆ ಬಂದವರು. ಅವನಿಗೆ ಅಲಿಯ ಬೆನ್ನು ಸಿಕ್ಕಿತು. ಇದನ್ನು ನೋಡಿದ ಯಾವ ಫೋಟೋಗ್ರಾಫರ್ ತಾನೆ ಮುಂದಿನ ಸಲ ಮನೆಯಲ್ಲಿ ಕೂರುತ್ತಾನೆ?

ಆದರೆ ಗುಂಪಿನ ಖರ್ಚು ಎಲ್ಲೂ ಹೋಗೋದಿಲ್ಲ. ನನಗೆ ಸೊನ್ನೆ ಅನ್ನಿಸಿದ್ದು ಎಲ್ಲರ ರೇಟಿನಿಂದ ಕಡಿತ ಆಗುತ್ತದೆ. ಒಂದೇ ಕೋಣದ ನಲವತ್ತು ಫೋಟೋ ಎಡಿಟರ್ ಮೇಜಿಗೆ ಬಂದರೆ ಬೆಲೆ ಎಲ್ಲಿಂದ ಬರಬೇಕು?

ಅದೇ ಹೊತ್ತಿಗೆ ನಾನು ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದೆ. ಹೋಟೆಲು, ಹೋಂಸ್ಟೇ, ರೆಸಾರ್ಟುಗಳ ಗೋಡೆಗೆ ದೊಡ್ಡ ಪ್ರಿಂಟು ಮಾರೋದು. ಮೂರು ಸಾವಿರ ಕೊಟ್ಟು ಮೇಲ್ ಪಟ್ಟಿ ಕೊಂಡೆ. ಎರಡು ಸಾವಿರ ವಿಳಾಸ ಅಂದಿದ್ದರು, ಕಾಲುಭಾಗಕ್ಕಿಂತ ಜಾಸ್ತಿ ಸತ್ತ ವಿಳಾಸ, ಹೋದ ಹಾಗೇ ವಾಪಸ್ ಬಂದವು. ಉಳಿದವುಗಳಿಂದ ಐದಾರು ಉತ್ತರ. ಒಂದು ಆರ್ಡರ್. ಚಿಕ್ಕಮಗಳೂರು ಕಡೆಯ ಹೋಂಸ್ಟೇ, ಎರಡು ಕ್ಯಾನ್ವಾಸ್. ಅಷ್ಟಕ್ಕೇ ಪಟ್ಟಿಯ ದುಡ್ಡು ಹುಟ್ಟಿತು, ನೋಡಿ! ಆದರೆ ಎರಡು ವಾರದ ಮೇಲೆ ನನ್ನ ಹಳೆ ಮದುವೆ ಗಿರಾಕಿಗೆ ಕಳಿಸಿದ ಬಿಲ್ಲು ಕೂಡ ಅವರ ಸ್ಪ್ಯಾಮ್ ಫೋಲ್ಡರಿಗೆ ಹೋಯಿತು. ನನ್ನ ಡೊಮೇನಿಗೇ, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿಗೇ, ಕೆಟ್ಟ ಹೆಸರು ಬಂದಿತ್ತು. ಸರಿಯಾಗೋದಕ್ಕೆ ನಾಲ್ಕೈದು ತಿಂಗಳು ಬೇಕಾಯಿತು.

ಆಗ ಕೂತು ಓದಿದೆ, ಈ ಸ್ಪ್ಯಾಮ್ ಯಾಕೆ ಸಾಯೋದಿಲ್ಲ ಅಂತ. ಇದು 1978ರಿಂದ ಇದೆ. ಕಂಪ್ಯೂಟರ್ ಮಾರುವ ಗ್ಯಾರಿ ಥುರ್ಕ್ ಅನ್ನುವವನು ಇಂಟರ್ನೆಟ್ಟಿಗೂ ಮೊದಲಿನ ಅರ್ಪಾನೆಟ್ ಅನ್ನುವ ಜಾಲದಲ್ಲಿ ಸುಮಾರು 400 ಜನಕ್ಕೆ ಒಂದೇ ಸಲ ಜಾಹೀರಾತು ಕಳಿಸಿದ. ಬೈಸಿಕೊಂಡ, ಆದರೆ ಕಂಪ್ಯೂಟರೂ ಮಾರಿದೆ ಅಂತ ಹೇಳಿಕೊಂಡ. 2004ರಲ್ಲಿ ಬಿಲ್ ಗೇಟ್ಸ್ ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಕಥೆ ಮುಗಿಯುತ್ತದೆ ಅಂದಿದ್ದರು. ಮುಗಿಯಿತಾ?

ನನ್ನ ಕಣ್ಣು ತೆರೆಸಿದ್ದು ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಹಾಕಿದ ಲೆಕ್ಕ. ಸ್ಪ್ಯಾಮ್ ಕಳಿಸುವ ಒಂದು ಜಾಲದೊಳಗೆ ನುಗ್ಗಿ, ಸುಮಾರು 35 ಕೋಟಿ ಮೇಲಿನ ಹಿಂದೆ ಬಿದ್ದು ನೋಡಿದರು. ಔಷಧಿ ಮಾರುವ ಜಾಹೀರಾತು. ಹಣ ಕಟ್ಟುವ ಹಂತದವರೆಗೆ ಬಂದವರು 28 ಜನ. ಅಂದರೆ 1.25 ಕೋಟಿ ಮೇಲಿಗೆ ಒಬ್ಬ ಗಿರಾಕಿ! ಒಬ್ಬೊಬ್ಬನ ಖರೀದಿ 100 ಡಾಲರಿನ ಹತ್ತಿರ. ಇಷ್ಟಾದರೂ ಅವನಿಗೆ ಗಿಟ್ಟುತ್ತದೆ. ಯಾಕೆಂದರೆ ಕಳಿಸುವ ಕಂಪ್ಯೂಟರುಗಳು ಅವನದ್ದಲ್ಲ, ವೈರಸ್ ಹೊಕ್ಕ ಬೇರೆಯವರದ್ದು. ಕರೆಂಟು ಬಿಲ್ಲು ಅವರದ್ದು, ಅಳಿಸುವ ಸಮಯ ನಮ್ಮದು. ಅವನಿಗೆ ಸಿಗುವ ಗಿರಾಕಿ ಮಾತ್ರ ಅವನದ್ದು. ಮಂಜೊಟ್ಟಿಯಲ್ಲಿ ನಾವು ಮಾಡುತ್ತಿದ್ದದ್ದು ಇದಕ್ಕಿಂತ ಬೇರೆ ಏನು?

ನನ್ನ ಲೆಕ್ಕ ಇಷ್ಟೇ. ಎಲ್ಲರಿಗೂ ಒಂದೇ ಫೋಟೋ ಕಳಿಸಿದರೆ ಕೋಟಿಗೊಬ್ಬ. ಒಬ್ಬೊಬ್ಬರಿಗೂ ಅವರವರ ಕೋಣದ್ದೇ ಫೋಟೋ ಕಳಿಸಿದರೆ? ಒಂದು ಕಂಬಳಕ್ಕೆ ನೂರೈವತ್ತು ಜೋಡಿ ಕೋಣ ಬರುತ್ತವೆ. ಒಂದೊಂದು ಜೋಡಿಯ ಹಿಂದೆ ಯಜಮಾನರು, ಓಡಿಸುವವರು, ನೋಡಿಕೊಳ್ಳುವವರು, ಮನೆಮಂದಿ. ಮಂಜೊಟ್ಟಿಯಲ್ಲಿ ಸಿಕ್ಕ ಫೋಟೋ ಗೆದ್ದ ಜೋಡಿಯದ್ದು. ಸೋತ ನೂರನಲವತ್ತು ಜೋಡಿಯ ಫೋಟೋ ಯಾರ ಹತ್ತಿರವೂ ಇಲ್ಲ. ಆ ಕೋಣಗಳಿಗೂ ವರ್ಷವಿಡೀ ಹುರುಳಿ ಬೇಯಿಸಿ ಹಾಕಿದ್ದಾರೆ, ಎಣ್ಣೆ ಹಚ್ಚಿ ತಿಕ್ಕಿದ್ದಾರೆ.

ಹೀಗೆ ಹೇಳಿದಾಗ ಗೆಳೆಯರು ನಕ್ಕರು. ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಅದನ್ನೇ ಸ್ಟೇಟಸ್ ಹಾಕಿಕೊಳ್ಳುತ್ತಾರೆ, ದುಡ್ಡು ಯಾರು ಕೊಡ್ತಾರೆ ಅಂದರು.

ಮೊದಲ ತೊಡಕು ವಿಂಗಡಣೆ. ರಾತ್ರಿ ಬೆಳಗಾಗುವಾಗ ಆರೇಳು ಸಾವಿರ ಫ್ರೇಮು. ಯಾವ ಜೋಡಿ ಯಾರದ್ದು? ಒಂದು ಸಲ ನೋಟ್‌ಬುಕ್ ಹಿಡಿದು ಬರೆಯೋದಕ್ಕೆ ಹುಡುಗನನ್ನು ಇಟ್ಟೆ, ಎಂಟುನೂರು ರೂಪಾಯಿ ಮತ್ತು ಊಟ. ರಾತ್ರಿ ಎರಡು ಗಂಟೆಗೆ ಮಲಗಿಬಿಟ್ಟ. ಕೊನೆಗೆ ಉಪಾಯ ಮೈಕಿನಲ್ಲೇ ಸಿಕ್ಕಿತು. ಪ್ರತಿ ಓಟಕ್ಕೂ ಮೊದಲು ಯಾರ ಮನೆಯ ಕೋಣ, ಎ ಜೋಡಿಯಾ ಬಿ ಜೋಡಿಯಾ, ಯಾವ ಕರೆ, ಓಡಿಸುವವರು ಯಾರು ಅಂತ ಕೂಗುತ್ತಾರಲ್ಲ? ಹಳೆ ಫೋನು ಒಂದನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ ಧ್ವನಿವರ್ಧಕದ ಹತ್ತಿರ ಇಟ್ಟೆ, ರಾತ್ರಿಯಿಡೀ ರೆಕಾರ್ಡಿಂಗ್. ಕ್ಯಾಮೆರಾ ಗಡಿಯಾರವನ್ನು ಆ ಫೋನಿಗೆ ಸೆಕೆಂಡು ಸಮೇತ ಹೊಂದಿಸಿದೆ. ಮನೆಗೆ ಬಂದು ಕಿವಿಗೆ ಹಾಕಿಕೊಂಡು ವಿಂಗಡಿಸಿದರೆ ಮೂರು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು. ಇದನ್ನು ನಮ್ಮ ಕಡೆ ಮೊದಲು ಮಾಡಿದ್ದು ನಾನೇ ಅಂತ ಸ್ವಲ್ಪ ಜಂಭವೂ ಇದೆ, ಇರಲಿ.

ಎರಡನೇ ತೊಡಕು ನಿಲ್ಲುವ ಜಾಗ. ಮಂಜೊಟ್ಟಿ ಬಿಟ್ಟು ಓಟ ಶುರುವಾಗುವ ಗಂತಿನ ಕಡೆಗೆ ಹೋದೆ. ಅಲ್ಲಿ ಗುಂಪಿಲ್ಲ, ಬೈಗುಳ ಮಾತ್ರ ಉಂಟು. ಕೋಣ ಬೆದರುತ್ತದೆ, ಫ್ಲ್ಯಾಶ್ ಬೇಡವೇ ಬೇಡ. ನೀರಿಗಿಳಿಯುವ ಮೊದಲು ಹಣೆಪಟ್ಟಿ ಕಟ್ಟಿದ ಜೋಡಿಯನ್ನು ನಾಲ್ಕೈದು ಜನ ಹಿಡಿದು ನಿಲ್ಲಿಸಿರುತ್ತಾರೆ. ಪಕ್ಕದಲ್ಲಿ ಯಜಮಾನರು, ಒಮ್ಮೊಮ್ಮೆ ಮೊಮ್ಮಗು. ಅದನ್ನು ಸುಮ್ನೆ ಒಂದೆರಡು ಹೊಡೆದಿಟ್ಟಿದ್ದೆ. ಮಾರಾಟ ಶುರುವಾದ ಮೇಲೆ ನೋಡಿದರೆ ಮೂರರಲ್ಲಿ ಎರಡು ಆರ್ಡರ್ ಅದಕ್ಕೇ! ಓಡುವ ಫೋಟೋ ಲೈಕಿಗೆ, ನಿಂತ ಫೋಟೋ ಗೋಡೆಗೆ. ಓಟದ ಫೋಟೋ ಹೋಗಬೇಕಾದರೆ ಎರಡೂ ತಲೆ ಒಂದೇ ಸಮ ಇರಬೇಕು, ಬಾಲ ಕತ್ತರಿಸಿರಬಾರದು. ಬಾಯಲ್ಲಿ ನೊರೆ ಕಂಡರೆ ಫೋಟೋ ಎಷ್ಟೇ ಚೆನ್ನಾಗಿರಲಿ, ಮುಟ್ಟೋದಿಲ್ಲ.

ಕನೆಹಲಗೆಗೆ, ಅಂದರೆ ಹಲಗೆಯ ಮೇಲೆ ನಿಂತು ಓಡಿಸಿ ನೀರನ್ನು ಎತ್ತರಕ್ಕೆ ಚಿಮ್ಮಿಸುವ ಸ್ಪರ್ಧೆಗೆ, ಮಾತ್ರ ಬೇರೆ ಜಾಗ. ನೀರು ಆರೂವರೆ ಕೋಲು ಎತ್ತರದ ನಿಶಾನೆ ಮುಟ್ಟುವ ಕ್ಷಣ ಎದುರಿನಿಂದಲೂ ಅಲ್ಲ, ಪಕ್ಕದಿಂದಲೂ ಅಲ್ಲ, ಇನ್ನೊಂದು ಕೋನದಿಂದ ಚೆನ್ನಾಗಿ ಬರುತ್ತದೆ. ಆ ಜಾಗ ಹೇಳೋದಿಲ್ಲ. ಫೋನ್ ನಂಬರ್ ಹೇಗೆ ಸೇರಿಸಿದೆ ಅನ್ನೋದನ್ನೂ ಹೇಳೋದಿಲ್ಲ. ಕದ್ದದ್ದಲ್ಲ, ಕೊಂಡದ್ದೂ ಅಲ್ಲ, ಅವರೇ ಕೊಟ್ಟದ್ದು. ಅಷ್ಟು ಸಾಕು.

ಕಳಿಸುವ ರೀತಿಯಲ್ಲೂ ಪೆಟ್ಟು ತಿಂದಿದ್ದೇನೆ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಮಾಡಿದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಅಂದರೆ ಹೊಸಬರು ಯಾರಿಗೂ ಹೋಗೋದಿಲ್ಲ. ಒಬ್ಬೊಬ್ಬರಿಗೇ ಕಳಿಸಬೇಕು. ಒಂದು ಚಿಕ್ಕ ಫೋಟೋ, ಮಧ್ಯದಲ್ಲಿ ನನ್ನ ಹೆಸರು, ಕೆಳಗೆ ಜೋಡಿಯ ಹೆಸರು ಮತ್ತು ಊರು. ಒಂದೇ ಸಲ. ಬೇಡ ಅಂದವರಿಗೆ ಮತ್ತೆ ಕಳಿಸೋದಿಲ್ಲ.

ಮೊದಲ ಕಂಬಳದಲ್ಲಿ ನೂರಕ್ಕೆ ಎಪ್ಪತ್ತು ಜನ ಉತ್ತರ ಕೊಟ್ಟರು! ಕುಣಿದಾಡಿದೆ. ಆಮೇಲೆ ನೋಡಿದರೆ, 'ಸೂಪರ್, ಫುಲ್ ಸೈಜ್ ಕಳಿಸಿ' ಅನ್ನುವವರೇ ಎಲ್ಲ. ಒಂದು ವಾರ ಬರೀ ಉತ್ತರ ಕೊಡೋದರಲ್ಲೇ ಹೋಯಿತು. ಮಾರಿದ್ದು ಏಳೋ ಎಂಟೋ.

ಪರಿಹಾರ ಸ್ಪ್ಯಾಮಿನವರಿಂದಲೇ ಕಲಿತೆ. ಕೋಟಿ ಡಾಲರ್ ಕೊಡ್ತೇನೆ ಅನ್ನುವ ನೈಜೀರಿಯಾದ ಮೇಲುಗಳು ಯಾಕೆ ಅಷ್ಟು ಪೆದ್ದಾಗಿರುತ್ತವೆ? ಮೈಕ್ರೋಸಾಫ್ಟ್ ರಿಸರ್ಚಿನ ಕಾರ್ಮಾಕ್ ಹರ್ಲಿ 2012ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಮೇಲ್ ಕಳಿಸೋದು ಬಿಟ್ಟಿ, ಆದರೆ ಉತ್ತರ ಕೊಟ್ಟವನ ಜೊತೆ ವ್ಯವಹರಿಸೋದು ಬಿಟ್ಟಿ ಅಲ್ಲ. ಬುದ್ಧಿವಂತರು ಮೊದಲ ಸಾಲಿನಲ್ಲೇ ನಕ್ಕು ಬಿಟ್ಟು ಹೋದರೆ ಅವನಿಗೇ ಲಾಭ, ಕೊನೆತನಕ ನಂಬುವವರು ಮಾತ್ರ ಉಳಿಯುತ್ತಾರೆ. ನಾನು ಮೋಸ ಬಿಟ್ಟೆ, ಲೆಕ್ಕ ತೆಗೆದುಕೊಂಡೆ. ಮೊದಲ ಸಾಲಿನಲ್ಲೇ ಬೆಲೆ: 'ಫ್ರೇಮ್ ಸಮೇತ 1,600 ರೂಪಾಯಿ. ಫೈಲ್ ಮಾತ್ರ 500.' ಉತ್ತರ ಅರ್ಧಕ್ಕರ್ಧ ಇಳಿಯಿತು, ಮಾರಾಟ ಇಳಿಯಲಿಲ್ಲ. ಮಿಯ್ಯಾರಿನ ಲವ-ಕುಶ ಕಂಬಳದ ಹೊತ್ತಿಗೆ ಇಪ್ಪತ್ತು ದಾಟಿತ್ತು. ಕಾಡಿ ಕೇಳುವವರು ಕಡಿಮೆಯಾದ ಕಾರಣ, ನಿಜವಾಗಿ ಬೇಕಾದವರ ಜೊತೆ ಮಾತಾಡೋದಕ್ಕೆ ಸಮಯ ಸಿಕ್ಕಿತು.

ನಡುವೆ ಬೇರೆ ಪ್ರಯೋಗಗಳೂ ಆದವು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆಯಿತಲ್ಲ, ಅಲ್ಲಿ ನೋಡೋದಕ್ಕೆ ಬಂದವರಿಗೇ ಫೋಟೋ ಮಾರೋಣ ಅಂತ ಹೋದೆ. ಅಷ್ಟು ಜನ! ಮಾರಿದ್ದು ಲಾಡ್ಜಿನ ಬಾಡಿಗೆಗೂ ಆಗಲಿಲ್ಲ. ಕೈಯಲ್ಲಿ ಸೆಲ್ಫಿ ಇರುವವನಿಗೆ ನನ್ನ ಫೋಟೋ ಯಾಕೆ ಬೇಕು ಹೇಳಿ.

ಮಗ್ಗಿಗೆ ಕೋಣದ ಚಿತ್ರ ಹಾಕಿಸಿದೆ, ಅರ್ಧ ಇನ್ನೂ ಅಟ್ಟದಲ್ಲಿವೆ. ಕ್ಯಾಲೆಂಡರ್ ಪರವಾಗಿಲ್ಲ. ಯಜಮಾನರು ತಮ್ಮ ಜೋಡಿಯ ಚಿತ್ರ ಹಾಕಿಸಿ ಐವತ್ತು, ನೂರು ಪ್ರತಿ ನೆಂಟರಿಗೆ ಹಂಚುತ್ತಾರೆ. ಮುಂದಿನ ವರ್ಷ ಅದನ್ನೇ ಜಾಸ್ತಿ ಮಾಡುವ ಯೋಚನೆ.

ಹೋಟೆಲ್ ಮೇಲುಗಳನ್ನೂ ಪೂರ್ತಿ ಬಿಟ್ಟಿಲ್ಲ. 2024ರಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರು ಡೊಮೇನ್ ತಮ್ಮದೇ ಅಂತ ಸಾಬೀತು ಮಾಡಬೇಕು, ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಹೊರಬರುವ ಕೊಂಡಿ ಇಡಬೇಕು, ಸ್ಪ್ಯಾಮ್ ಅಂತ ಒತ್ತುವವರು 0.3 ಶೇಕಡಾ ಮುಟ್ಟಬಾರದು. ನಾನು ವಾರಕ್ಕೆ ಹತ್ತು ಹನ್ನೆರಡು ಮಾತ್ರ ಕಳಿಸೋದು. ಆದರೂ ಮೇಲ್ ನನ್ನ ಡೊಮೇನಿನದ್ದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎರಡನ್ನೂ ಹಾಕಿಸಿಕೊಂಡೆ, ಹುಡುಗನೊಬ್ಬ ಐನೂರಕ್ಕೆ ಮಾಡಿಕೊಟ್ಟ. ಮೊದಲ ಮೇಲಿನಲ್ಲಿ ಫೋಟೋ ಅಂಟಿಸೋದಿಲ್ಲ, ಬರೀ ನಾಲ್ಕು ಸಾಲು. ಫೋಟೋ ಅವರು ಕೇಳಿದ ಮೇಲೆ. ಹೀಗೆ ಮಾಡಿದಾಗಿನಿಂದ ಹತ್ತಕ್ಕೆ ಒಬ್ಬರಾದರೂ ಉತ್ತರ ಕೊಡುತ್ತಾರೆ.

ಖರ್ಚಿನ ಮಾತು. 12x18 ಪ್ರಿಂಟು ಮತ್ತು ಫ್ರೇಮು ಸೇರಿ ನನಗೆ ಏಳುನೂರರ ಹತ್ತಿರ ಬೀಳುತ್ತದೆ. ಮಂಗಳೂರಲ್ಲಿ ಮಾಡಿಸಿದರೆ ಇನ್ನೂರು ಜಾಸ್ತಿ. ಗಾಜು ಹಾಕಿಸಬೇಡಿ, ಕೊರಿಯರಿನಲ್ಲಿ ಒಡೆಯುತ್ತದೆ, ಮೂರು ಫ್ರೇಮಿನ ದುಡ್ಡು ಹಾಗೇ ಹೋಯಿತು. ಕೆಸರಿಗೆ ದುಬಾರಿ ರೈನ್ ಕವರ್ ಬೇಡ, ಲಾಡ್ಜಿನ ಶವರ್ ಕ್ಯಾಪ್ ಮತ್ತು ರಬ್ಬರ್ ಬ್ಯಾಂಡ್ ಸಾಕು. ಯುವಿ ಫಿಲ್ಟರ್ ಮಾತ್ರ ಒಳ್ಳೆಯದೇ ಇರಲಿ.

ಹೊಸಬರಿಗೆ ಯುಪಿಐನಲ್ಲಿ ದುಡ್ಡು ಬಂದ ಮೇಲೆಯೇ ಪ್ರಿಂಟು. ಹಳೆ ಯಜಮಾನರ ಹತ್ತಿರ ಮುಂಗಡ ಕೇಳೋದಕ್ಕೆ ಆಗೋದಿಲ್ಲ, 'ಮುಂದಿನ ಕಂಬಳದಲ್ಲಿ ಕೊಡ್ತೇನೆ, ಆಯ್ತಾ?' ಅನ್ನುತ್ತಾರೆ. ಕೊಡುತ್ತಾರೆ ಕೂಡ. ಈಗ ಹನ್ನೆರಡು ಸಾವಿರದಷ್ಟು ಬಾಕಿ ಇದೆ, ನವೆಂಬರಿನಲ್ಲಿ ಗಂತಿನ ಹತ್ತಿರವೇ ಸಿಗುತ್ತಾರೆ.